ಮೊದಲ ಸಲ ಮುಂಬೈಗೆ ಬರುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಮುಂಬೈಗೆ ಬಂದು ಇಪ್ಪತ್ತು ವರ್ಷ ದಾಟಿತು. ಕುಂದಾಪುರದ ಕಡೆಯವರು, ಹೆಂಡತಿಯ ಊರು ಹುಬ್ಬಳ್ಳಿಯವರು, ಬೆಂಗಳೂರಿನ ಹಳೆಯ ಗೆಳೆಯರು, ಹೀಗೆ ವರ್ಷಕ್ಕೆ ಎಂಟು ಹತ್ತು ತಂಡವಾದರೂ ಇಲ್ಲಿಗೆ ಬರುತ್ತದೆ. ಬರುವ ಮೊದಲು ಫೋನು, ಬಂದ ಮೇಲೆ ಊಟದ ಹೊತ್ತಿನಲ್ಲಿ ಮಾತು, ವಾಪಸ್ ಹೋದ ಮೇಲೆ ಅವರ ಪಕ್ಕದ ಮನೆಯವರಿಂದ ಮತ್ತೆ ಫೋನು. ಕೇಳುವುದೆಲ್ಲ ಹೆಚ್ಚುಕಡಿಮೆ ಅದೇ. ಅವರವರ ಮಾತಿನಲ್ಲೇ ಪ್ರಶ್ನೆಗಳನ್ನು ಬರೆದಿಟ್ಟು ಉತ್ತರ ಸೇರಿಸಿದ್ದೇನೆ.

## ಹೊರಡುವ ಮೊದಲು

ಮುಂಬೈ ನೋಡೋಕೆ ಎಷ್ಟು ದಿನ ಬೇಕು? ಎರಡು ದಿನ ಸಾಕಾಗಲ್ವಾ?

ಮೂರು ದಿನ ಇಟ್ಟುಕೊಳ್ಳಿ. ಎರಡೇ ಅಂದರೆ ಎರಡು. ಆದರೆ ದಿನ ಎಣಿಸುವುದಕ್ಕಿಂತ ಮುಂಚೆ ಊರಿನ ಆಕಾರ ತಿಳಿದಿರಬೇಕು. ಮುಂಬೈ ಬೆಂಗಳೂರಿನಂತೆ ನಾಲ್ಕೂ ದಿಕ್ಕಿಗೆ ಹರಡಿಕೊಂಡ ಊರಲ್ಲ. ಏಳು ದ್ವೀಪಗಳ ನಡುವಿನ ನೀರಿಗೆ ಮಣ್ಣು ತುಂಬಿ ಮಾಡಿದ ಉದ್ದನೆಯ ಪಟ್ಟಿ. ನೋಡುವ ಜಾಗಗಳಲ್ಲಿ ಮುಕ್ಕಾಲು ಪಾಲು ಆ ಪಟ್ಟಿಯ ದಕ್ಷಿಣದ ತುದಿಯಲ್ಲಿವೆ. ಜನ ಇರುವುದು ಉತ್ತರದಲ್ಲಿ. ಹಾಗಾಗಿ ಬೆಳಗ್ಗೆ ಊರಿಗೆ ಊರೇ ದಕ್ಷಿಣಕ್ಕೆ ಹರಿಯುತ್ತದೆ, ಸಂಜೆ ಉತ್ತರಕ್ಕೆ. ಆ ಹರಿವಿಗೆ ಸಿಕ್ಕಿಕೊಂಡರೆ ಹತ್ತು ಜಾಗದ ಪಟ್ಟಿಯಲ್ಲಿ ಮೂರು ಮುಗಿಯುವುದಿಲ್ಲ. ತಪ್ಪಿಸಿಕೊಂಡು ಓಡಾಡಿದರೆ ಎರಡು ದಿನದಲ್ಲೂ ಬೇಕಾದಷ್ಟು ನೋಡಬಹುದು. ನೆಂಟರಿಗೆ ನಾನು ಹೇಳುವುದರಲ್ಲಿ ಅರ್ಧ ಇದೇ: ಎಲ್ಲಿಗೆ ಅನ್ನುವುದಕ್ಕಿಂತ ಯಾವ ಹೊತ್ತಿಗೆ, ಯಾವ ಕಡೆಗೆ ಅನ್ನುವುದನ್ನು ಮೊದಲು ನೋಡಿ.

ಯಾವ ತಿಂಗಳು ಬಂದ್ರೆ ಒಳ್ಳೇದು?

ನವೆಂಬರಿನಿಂದ ಫೆಬ್ರವರಿ. ಸ್ವೆಟರ್ ತರಬೇಡಿ, ಇಲ್ಲಿಯ ಚಳಿಗೆ ಅದು ಬೇಕಾಗುವುದಿಲ್ಲ. ಏಪ್ರಿಲ್, ಮೇ ತಿಂಗಳ ಬೆವರು ಮಂಗಳೂರಿನವರಿಗೆ ಹೊಸದಲ್ಲ, ಬೆಂಗಳೂರಿನವರಿಗೆ ಶಿಕ್ಷೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ. ಮಳೆಗಾಲದ ಮರೀನ್ ಡ್ರೈವ್ ನೋಡಲು ಚೆಂದ ನಿಜ, ಆದರೆ ಮೊದಲ ಸಲ ಬರುವವರಿಗೆ ಬೇಡ.

ಟಿಕೆಟ್ ಮೇಲೆ ಎಲ್‌ಟಿಟಿ ಅಂತಿದೆ. ಅದೂ ಮುಂಬೈನೇ ಅಲ್ವಾ?

ಮುಂಬೈಯೇ. ಆದರೆ ನೀವು ಅಂದುಕೊಂಡಿರುವ ಮುಂಬೈ ಅಲ್ಲ. ಎಲ್‌ಟಿಟಿ ಅಂದರೆ ಲೋಕಮಾನ್ಯ ತಿಲಕ್ ಟರ್ಮಿನಸ್, ಇರುವುದು ಕುರ್ಲಾದಲ್ಲಿ. ಮಂಗಳೂರಿನಿಂದ ಬರುವ ಮತ್ಸ್ಯಗಂಧ ನಿಮ್ಮನ್ನು ಬೆಳಗ್ಗೆ ಇಳಿಸುವುದು ಇಲ್ಲೇ. ಹೊರಗೆ ಬಂದ ಕೂಡಲೇ ಟ್ಯಾಕ್ಸಿಯವರು ಮುತ್ತಿಕೊಳ್ಳುತ್ತಾರೆ. ಸುಮ್ನೆ ತಲೆ ಅಲ್ಲಾಡಿಸಿ ಮುಂದೆ ನಡೆಯಿರಿ. ಸಾಮಾನು ಕಡಿಮೆ ಇದ್ದರೆ ಲೋಕಲ್ ರೈಲಿನ ಹಾರ್ಬರ್ ಲೈನಿನಲ್ಲಿರುವ ತಿಲಕ್ ನಗರ್ ಸ್ಟೇಷನ್‌ಗೆ ನಡೆದೇ ಹೋಗಬಹುದು. ಇಲ್ಲದಿದ್ದರೆ ಕುರ್ಲಾ ಸ್ಟೇಷನ್‌ಗೆ ಆಟೋ.

ಬೆಂಗಳೂರಿನ ಉದ್ಯಾನ್ ಎಕ್ಸ್‌ಪ್ರೆಸ್ ಬರುವುದು ಸಿಎಸ್‌ಎಂಟಿಗೆ, ಅಂದರೆ ದಕ್ಷಿಣದ ತುದಿಯ ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್‌ಗೆ, ಮೈಸೂರಿನ ಶರಾವತಿ ದಾದರ್‌ಗೆ. ಇನ್ನೊಂದು ಗೊಂದಲ 'ಮುಂಬೈ ಸೆಂಟ್ರಲ್'. ಅದು ವೆಸ್ಟರ್ನ್ ಲೈನಿನ ಸ್ಟೇಷನ್, ಸೆಂಟ್ರಲ್ ಲೈನಿನದ್ದಲ್ಲ. ಹೆಸರಿಟ್ಟವರನ್ನು ನೀವೇ ಕೇಳಬೇಕು. ವಿಮಾನದಲ್ಲಿ ಬರುವವರು ಟಿಕೆಟ್ ಸರಿಯಾಗಿ ಓದಿ. 2025ರ ಡಿಸೆಂಬರ್‌ನಿಂದ ನವಿ ಮುಂಬೈಯಲ್ಲೂ ವಿಮಾನ ಇಳಿಯುತ್ತಿದೆ. ಅದು ಕೊಲ್ಲಿಯ ಆಚೆ ಬದಿ.

ಡೊಂಬಿವಲಿಯಲ್ಲಿ ನಮ್ಮ ಚಿಕ್ಕಪ್ಪ ಇದ್ದಾರೆ. ಅಲ್ಲೇ ಉಳ್ಕೊಂಡು ದಿನಾ ಹೋಗಿ ಬರಬಹುದಲ್ವಾ?

ಹೋಗಿ ಬರಬಹುದು. ನಾನೂ ಆ ಕಡೆಯವನೇ, ಆದ್ದರಿಂದ ಹೇಳುತ್ತೇನೆ: ಸಿಎಸ್‌ಎಂಟಿಗೆ ಫಾಸ್ಟ್ ಲೋಕಲ್‌ನಲ್ಲೂ ಒಂದು ಗಂಟೆ ದಾಟುತ್ತದೆ, ಬೆಳಗ್ಗೆಯ ನೂಕುನುಗ್ಗಲು ಬೇರೆ. ಚಿಕ್ಕಪ್ಪನ ಮನೆಯಲ್ಲಿ ಒಂದು ರಾತ್ರಿ ಕಳೆಯಿರಿ, ಇಲ್ಲದಿದ್ದರೆ ಅವರಿಗೆ ಬೇಜಾರಾಗುತ್ತದೆ. ಉಳಿದ ದಿನ ದಾದರ್, ಮಾಟುಂಗಾ ಅಥವಾ ದಕ್ಷಿಣದ ಕೋಟೆ (ಫೋರ್ಟ್) ಪ್ರದೇಶದಲ್ಲಿ ರೂಮು ಮಾಡಿ. ರೂಮು ಚಿಕ್ಕದು ಅಂತ ಗೊಣಗಬೇಡಿ. ಇಲ್ಲಿ ಮಂಚಕ್ಕೂ ಗೋಡೆಗೂ ನಡುವೆ ಬ್ಯಾಗ್ ಇಡಲು ಜಾಗ ಇದ್ದರೆ ಅದೇ ದೊಡ್ಡ ರೂಮು.

ನಮಗ ಹಿಂದಿ ಸರಿಯಾಗಿ ಬರಂಗಿಲ್ರಿ, ಮರಾಠಿ ಅಂತೂ ಬರೋದೇ ಇಲ್ಲ. ನಡೀತದೇನ್ರಿ?

ನಡೀತದ್ರಿ. ಇಲ್ಲಿ ಯಾರ ಹಿಂದಿಯೂ ಸರಿಯಾಗಿಲ್ಲ. ಡ್ರೈವರ್, ಅಂಗಡಿಯವರಿಗೆ 'ದಾದಾ', 'ಭಾವೂ' ಅನ್ನಿ, ವಯಸ್ಸಾದವರಿಗೆ 'ಕಾಕಾ', ತರಕಾರಿ ಮಾರುವ ಹೆಂಗಸಿಗೆ 'ಮಾವಶಿ'. ಬೆಳಗಾವಿ, ಹುಬ್ಬಳ್ಳಿ ಕಡೆಯವರಿಗೆ ಇವೆಲ್ಲ ಗೊತ್ತಿರುವ ಮಾತೇ. ಕನ್ನಡವೇ ಬೇಕೆನಿಸಿದರೆ ಯಾವುದಾದರೂ ಉಡುಪಿ ಹೋಟೆಲಿಗೆ ನುಗ್ಗಿ ಗಲ್ಲಾದಲ್ಲಿ ಕೂತವರನ್ನು ಮಾತಾಡಿಸಿ. ಕನ್ನಡವೋ ತುಳುವೋ ಕೊಂಕಣಿಯೋ, ಒಂದಲ್ಲ ಒಂದು ಹೊರಡುತ್ತದೆ. 'ಊರು ಎಲ್ಲಿ?' ಅನ್ನುವ ಪ್ರಶ್ನೆ ಬಂದರೆ ನಿಮ್ಮ ಕೆಲಸ ಆದಂತೆಯೇ.

## ಓಡಾಟ

ಲೋಕಲ್ ಟ್ರೇನ್ ಹತ್ತೋಕೆ ಭಯ ಆಗತ್ತೆ. ಹತ್ತಲೇಬೇಕಾ?

ಹತ್ತಲೇಬೇಕು. ಮುಂಬೈಗೆ ಬಂದು ಲೋಕಲ್ ಹತ್ತದೆ ಹೋಗುವುದು ಉಡುಪಿಗೆ ಹೋಗಿ ಮಠದ ಬಾಗಿಲಿನಿಂದ ವಾಪಸ್ ಬಂದ ಹಾಗೆ. ಹೊತ್ತು ನೋಡಿ ಹತ್ತಬೇಕು, ಅಷ್ಟೆ. ಬೆಳಗ್ಗೆ ಎಂಟರಿಂದ ಹನ್ನೊಂದರವರೆಗೆ ದಕ್ಷಿಣಕ್ಕೆ ಹೋಗುವ ಗಾಡಿ ಬೇಡ. ಸಂಜೆ ಐದರಿಂದ ಎಂಟೂವರೆವರೆಗೆ ಉತ್ತರಕ್ಕೆ ಹೋಗುವ ಗಾಡಿ ಬೇಡ. ಅದೇ ಹೊತ್ತಿನಲ್ಲಿ ಎದುರು ದಿಕ್ಕಿನ ಗಾಡಿಯಲ್ಲಿ ಕಿಟಕಿ ಸೀಟೇ ಸಿಗಬಹುದು.

ಮೂರು ಲೈನು ನೆನಪಿಡಿ. ವೆಸ್ಟರ್ನ್ ಹೊರಡುವುದು ಚರ್ಚ್‌ಗೇಟ್‌ನಿಂದ. ಸೆಂಟ್ರಲ್ ಮತ್ತು ಹಾರ್ಬರ್ ಹೊರಡುವುದು ಸಿಎಸ್‌ಎಂಟಿಯಿಂದ. ವೆಸ್ಟರ್ನ್, ಸೆಂಟ್ರಲ್ ಎರಡೂ ಸೇರುವ ದೊಡ್ಡ ಜಂಕ್ಷನ್ ದಾದರ್. ಅಲ್ಲಿ 1ರಿಂದ 7 ವೆಸ್ಟರ್ನ್ ಪ್ಲಾಟ್‌ಫಾರಂ, 8ರಿಂದ 14 ಸೆಂಟ್ರಲ್.

ಸೆಕೆಂಡ್ ಕ್ಲಾಸಿನ ಕನಿಷ್ಠ ಟಿಕೆಟ್ 5 ರೂಪಾಯಿ. ಫಸ್ಟ್ ಕ್ಲಾಸ್ ಡಬ್ಬಿ ಹೊರಗಿನಿಂದ ನೋಡಲು ಬೇರೆ ಅಂತ ಥಟ್ಟನೆ ಗೊತ್ತಾಗುವುದಿಲ್ಲ. ಬಾಗಿಲ ಪಕ್ಕದ ಪಟ್ಟೆ, ಬರಹ ನೋಡಿಕೊಂಡು ಹತ್ತಿ. ಸೆಕೆಂಡ್ ಕ್ಲಾಸ್ ಟಿಕೆಟ್ ಹಿಡಿದು ಅಲ್ಲಿ ಸಿಕ್ಕಿಬಿದ್ದರೆ ದಂಡ. ಹೆಂಗಸರ ಡಬ್ಬಿ, ಅಂಗವಿಕಲರ ಡಬ್ಬಿ ಬೇರೆ ಇವೆ. ಗಂಡಸರು ಗಡಿಬಿಡಿಯಲ್ಲಿ ಹೆಂಗಸರ ಡಬ್ಬಿ ಹತ್ತಿದರೆ ದಂಡಕ್ಕಿಂತ ಮೊದಲು ಬೈಗುಳ ಬೀಳುತ್ತದೆ. ಭಾನುವಾರ ಓಡಾಡುವವರು 'ಮೆಗಾ ಬ್ಲಾಕ್' ಎಲ್ಲಿದೆ ಅಂತ ಹಿಂದಿನ ದಿನವೇ ನೋಡಿಕೊಳ್ಳಿ. ಹಳಿ ರಿಪೇರಿಗೆಂದು ಹಗಲು ಹೊತ್ತು ಕೆಲವು ಗಾಡಿಗಳನ್ನು ನಿಲ್ಲಿಸುತ್ತಾರೆ.

ಹತ್ತೋದೇನೋ ಹತ್ತಬಹುದು, ಇಳಿಯೋದು ಹೇಗೆ?

ಇದು ಸರಿಯಾದ ಪ್ರಶ್ನೆ. ನಮ್ಮ ಭಾವನನ್ನು ಒಂದು ಸಂಜೆ ದಾದರ್‌ನಲ್ಲಿ ಅಂಧೇರಿಗೆಂದು ವಿರಾರ್ ಫಾಸ್ಟ್ ಹತ್ತಿಸಿದೆ. ಕೈಯಲ್ಲಿ ದೊಡ್ಡ ಸೂಟ್‌ಕೇಸು. ಅವರು ಶಿಸ್ತಾಗಿ ಒಳಗೆ ಹೋಗಿ ಸೀಟಿನ ನಡುವೆ ನಿಂತರು. ಅಂಧೇರಿ ಬಂದಾಗ ಎದ್ದುಬಿದ್ದು ಬಾಗಿಲ ಕಡೆ ಹೊರಟರು, ಅಷ್ಟರಲ್ಲಿ ಹತ್ತುವವರ ಅಲೆ ಅವರನ್ನು ಮತ್ತೆ ಒಳಕ್ಕೇ ತಂದು ಬಿಟ್ಟಿತು. ಇಳಿದದ್ದು ಬೊರಿವಲಿಯಲ್ಲಿ. ತಪ್ಪು ನನ್ನದೇ. ಆ ಹೊತ್ತಿಗೆ ಆ ಗಾಡಿ ಹತ್ತಿಸಬಾರದಿತ್ತು.

ಇಲ್ಲಿಯ ರೂಢಿ ಹೀಗೆ: ನಿಮ್ಮ ಸ್ಟೇಷನ್‌ಗಿಂತ ಒಂದು ಸ್ಟಾಪ್ ಮೊದಲೇ ಬಾಗಿಲ ಕಡೆಯ ಸಾಲಿಗೆ ಸೇರಬೇಕು. ಮುಂದಿರುವವರ ಹೆಗಲು ಮುಟ್ಟಿ 'ಅಂಧೇರಿ?' ಅಂತ ಕೇಳಿ. ತಲೆ ಆಡಿಸಿದರೆ ಅವರ ಹಿಂದೆ ನಿಂತುಬಿಡಿ. ಇಲ್ಲ ಅಂದರೆ ಅವರೇ ಪಕ್ಕಕ್ಕೆ ಸರಿದು ದಾರಿ ಬಿಡುತ್ತಾರೆ. ಪ್ಲಾಟ್‌ಫಾರಂ ಯಾವ ಬದಿಗೆ ಬರುತ್ತದೆ ಅಂತಲೂ ಕೇಳಿಕೊಳ್ಳಿ. ಬೆನ್ನಿನ ಬ್ಯಾಗು ಎದೆಯ ಮೇಲೆ ಇರಲಿ. ಸೀಟಿನಲ್ಲಿ ಕೂತಿದ್ದಾಗ ಯಾರಾದರೂ ಬಂದು ಕೈಸನ್ನೆ ಮಾಡಿದರೆ ಸ್ವಲ್ಪ ಸರಿದುಕೊಳ್ಳಿ. ಮೂರು ಜನರ ಸೀಟಿನಲ್ಲಿ ನಾಲ್ಕನೆಯವರು ಅರ್ಧ ಕೂರುವುದು ಇಲ್ಲಿಯ ಹಕ್ಕು, ಅದಕ್ಕೆ 'ಚೌಥೀ ಸೀಟ್' ಅಂತ ಹೆಸರೇ ಇದೆ. ಬಾಗಿಲಲ್ಲಿ ನಿಂತು ಮೊಬೈಲ್ ಹಿಡಿಯಬೇಡಿ. ಹಳಿಯ ಪಕ್ಕ ನಿಂತು ಕೋಲಿನಿಂದ ಕೈಗೆ ಹೊಡೆದು ಫೋನು ಬೀಳಿಸುವವರಿದ್ದಾರೆ.

ಆಟೋದವರ ಹತ್ರ ಎಷ್ಟಕ್ಕೆ ಮಾತಾಡ್ಕೋಬೇಕು?

ಮಾತಾಡಿಕೊಳ್ಳಲೇಬೇಡಿ! ಬೆಂಗಳೂರಿನವರು ಇಲ್ಲಿ ಬಂದು 'ಮೀಟರ್ ಮೇಲೆ ಎಷ್ಟು ಕೊಡಲಿ' ಅಂದರೆ ಆಟೋದವರೇ ಮಿಕಮಿಕ ನೋಡುತ್ತಾರೆ. ಕೂತರೆ ಮೀಟರ್ ಬೀಳುತ್ತದೆ, ಚಿಲ್ಲರೆಯೂ ವಾಪಸ್ ಬರುತ್ತದೆ. 2025ರ ಫೆಬ್ರವರಿಯ ದರದ ಪ್ರಕಾರ ಮೊದಲ ಒಂದೂವರೆ ಕಿಲೋಮೀಟರಿಗೆ ಆಟೋ 26 ರೂಪಾಯಿ, ಕಪ್ಪು-ಹಳದಿ ಟ್ಯಾಕ್ಸಿ 31. ನಡುರಾತ್ರಿಯಿಂದ ಬೆಳಗಿನ ಐದರವರೆಗೆ ಕಾಲುಭಾಗ ಜಾಸ್ತಿ. ಹತ್ತಿರದ ಜಾಗಕ್ಕೆ ಬರಲ್ಲ ಅನ್ನುವವರು ಇಲ್ಲಿಯೂ ಇದ್ದಾರೆ. ದೊಡ್ಡ ಸ್ಟೇಷನ್, ಏರ್‌ಪೋರ್ಟ್ ಬಾಗಿಲಲ್ಲಿ ಕೂಗಿ ಕರೆಯುವವರ ಲೆಕ್ಕವೇ ಬೇರೆ.

ಆಟೋ ಎಲ್ಲ ಕಡೆ ಇಲ್ಲ ಅನ್ನುವುದು ಮುಖ್ಯ. ಪಶ್ಚಿಮದಲ್ಲಿ ಬಾಂದ್ರಾ, ಮಧ್ಯದಲ್ಲಿ ಸಾಯನ್‌ವರೆಗೆ ಮಾತ್ರ. ಅಲ್ಲಿಂದ ದಕ್ಷಿಣಕ್ಕೆ ಬರೀ ಟ್ಯಾಕ್ಸಿ, ಬಸ್ಸು, ಕಾಲು. ಹಳೆಯ ಪ್ರೀಮಿಯರ್ ಪದ್ಮಿನಿ ಟ್ಯಾಕ್ಸಿ ಹುಡುಕಬೇಡಿ, 2023ರ ಅಕ್ಟೋಬರ್‌ಗೆ ಅವುಗಳ ಆಯಸ್ಸು ಮುಗಿಯಿತು.

ಅಮ್ಮನಿಗೆ ಮಂಡಿ ನೋವು, ಮೆಟ್ಟಿಲು ಹತ್ತಕ್ಕಾಗಲ್ಲ. ಅವರನ್ನ ಕರ್ಕೊಂಡು ಬರೋದಾ ಬೇಡ್ವಾ?

ಕರೆದುಕೊಂಡು ಬನ್ನಿ. ಅವರಿಗಾಗಿಯೇ ಎಂಬಂತೆ ನೆಲದಡಿಯ ಮೆಟ್ರೋ ಬಂದಿದೆ. ಆರೆಯಿಂದ ಕಫ್ ಪರೇಡ್‌ವರೆಗಿನ ಲೈನ್ 3, 2025ರ ಅಕ್ಟೋಬರ್‌ನಲ್ಲಿ ಪೂರ್ತಿ ತೆರೆಯಿತು. ಏರ್‌ಪೋರ್ಟ್, ದಾದರ್, ಸಿದ್ಧಿವಿನಾಯಕ, ಸಿಎಸ್‌ಎಂಟಿ, ಹುತಾತ್ಮಾ ಚೌಕ್ ಎಲ್ಲ ಒಂದೇ ಗೆರೆಯ ಮೇಲೆ. ಲಿಫ್ಟು, ಎಸಿ ಎರಡೂ ಇದೆ. ಲೋಕಲ್ ಸ್ಟೇಷನ್‌ಗಳ ಮೇಲ್ಸೇತುವೆ ಅಮ್ಮನಿಗೆ ಬೇಡ. ದೋಣಿಯಲ್ಲಿ ಹೋಗಿ ಮೆಟ್ಟಿಲು ಹತ್ತಬೇಕಾದ ಎಲಿಫೆಂಟಾ ಗುಹೆಗಳನ್ನೂ ಬಿಟ್ಟುಬಿಡಿ. ದಕ್ಷಿಣ ಮುಂಬೈ ಒಳಗಿನ ಓಡಾಟಕ್ಕೆ ಟ್ಯಾಕ್ಸಿ ಸಾಕು, ದೂರ ಕಡಿಮೆ. ಸಂಜೆ ಮರೀನ್ ಡ್ರೈವ್ ಕಟ್ಟೆಯ ಮೇಲೆ ಕೂರಿಸಿ. ನಮ್ಮಮ್ಮ ಅಲ್ಲಿ ಎರಡು ಗಂಟೆ ಕೂತು, 'ಸಮುದ್ರ ನಮ್ಮೂರಲ್ಲೂ ಉಂಟು, ಆದರೆ ಅದರ ಎದುರು ಹೀಗೆ ಸುಮ್ಮನೆ ಕೂತದ್ದೇ ಇಲ್ಲ' ಅಂದಿದ್ದರು.

## ನೋಡುವುದು

ಒಂದೇ ದಿನ ಇರೋದು. ಏನೇನು ನೋಡಲಿ?

ಒಂದು ದಿನಕ್ಕೆ ನಾನು ಎಲ್ಲರನ್ನೂ ನಡೆಸುವ ದಾರಿ ಇದು. ಹನ್ನೊಂದರ ನಂತರ ಸಿಎಸ್‌ಎಂಟಿಯಲ್ಲಿ ಇಳಿಯಿರಿ. ಅಲ್ಲಿಂದ ಕಮಾನುಗಳ ನೆರಳಿನಲ್ಲಿ ಡಿ.ಎನ್. ರಸ್ತೆಯಲ್ಲಿ ಹುತಾತ್ಮಾ ಚೌಕ್‌ವರೆಗೆ ನಡೆಯಿರಿ. 1864ರ ಫ್ಲೋರಾ ಫೌಂಟನ್ ಅಲ್ಲೇ ಇದೆ, ಪಕ್ಕದಲ್ಲಿ ಸಂಯುಕ್ತ ಮಹಾರಾಷ್ಟ್ರ ಚಳವಳಿಯಲ್ಲಿ ಪ್ರಾಣ ಕೊಟ್ಟವರ ಸ್ಮಾರಕ. ಮುಂದೆ ಕಾಲಾಘೋಡಾ. ಅಲ್ಲಿ ಜಹಾಂಗೀರ್ ಆರ್ಟ್ ಗ್ಯಾಲರಿಗೆ ದುಡ್ಡು ಕೊಡಬೇಕಿಲ್ಲ. ಪಕ್ಕದ ದೊಡ್ಡ ಮ್ಯೂಸಿಯಂ, ಅಂದರೆ ಛತ್ರಪತಿ ಶಿವಾಜಿ ಮಹಾರಾಜ್ ವಸ್ತು ಸಂಗ್ರಹಾಲಯಕ್ಕೆ ಎರಡು ಗಂಟೆ ಇಡಿ. ಅಲ್ಲಿಂದ ಗೇಟ್‌ವೇ ಆಫ್ ಇಂಡಿಯಾಕ್ಕೆ ಹತ್ತು ನಿಮಿಷದ ನಡಿಗೆ.

ಗೇಟ್‌ವೇ ಕಟ್ಟಿದ್ದು 1911ರಲ್ಲಿ ಐದನೇ ಜಾರ್ಜ್ ಬಂದ ನೆನಪಿಗೆ. ಆದರೆ ಕೆಲಸ ಮುಗಿದದ್ದು 1924ರಲ್ಲಿ. ರಾಜ ಬಂದಾಗ ಕಲ್ಲಿನ ಕಮಾನು ಇರಲೇ ಇಲ್ಲ. 1948ರ ಫೆಬ್ರವರಿಯಲ್ಲಿ ಬ್ರಿಟಿಷರ ಕೊನೆಯ ಸೇನಾ ತುಕಡಿ ಹೊರಗೆ ಹೋದದ್ದು ಮಾತ್ರ ಇದೇ ಬಾಗಿಲಿನಿಂದ. ಎದುರಿಗೆ 1903ರ ತಾಜ್ ಹೋಟೆಲು. ಫೋಟೋದವರು ಬೆನ್ನು ಹತ್ತುತ್ತಾರೆ, ಬೇಡವಾದರೆ ಕಣ್ಣು ಕೊಡಬೇಡಿ.

ನಾಲ್ಕೂವರೆಗೆ ಟ್ಯಾಕ್ಸಿಯಲ್ಲಿ ಓವಲ್ ಮೈದಾನಕ್ಕೆ ಬನ್ನಿ. ಕ್ರಿಕೆಟ್ ಆಡುವ ಹುಡುಗರ ನಡುವೆ ನಿಂತು ಒಮ್ಮೆ ಪೂರ್ವಕ್ಕೆ ನೋಡಿ: ಚೂಪು ಗೋಪುರ, ಕಲ್ಲಿನ ಕೆತ್ತನೆ, 1878ರ ರಾಜಾಬಾಯಿ ಗಡಿಯಾರ ಗೋಪುರ. ಆಮೇಲೆ ಪಶ್ಚಿಮಕ್ಕೆ ತಿರುಗಿ: ದುಂಡು ಮೂಲೆಯ ಬಾಲ್ಕನಿಗಳು, ನೇರ ಗೆರೆಗಳು, 1930ರ ದಶಕದ ಆರ್ಟ್ ಡೆಕೋ ಮನೆಗಳು. ನಡುವೆ ಒಂದು ಮೈದಾನದಷ್ಟೇ ದೂರ, ಕಾಲದಲ್ಲಿ ಅರ್ಧ ಶತಮಾನ. ಯುನೆಸ್ಕೋ 2018ರಲ್ಲಿ ಎರಡನ್ನೂ ಸೇರಿಸಿ ವಿಶ್ವ ಪರಂಪರೆಯ ಪಟ್ಟಿಗೆ ಹಾಕಿತು. ಅಲ್ಲಿಂದ ಹತ್ತು ನಿಮಿಷ ನಡೆದರೆ ಮರೀನ್ ಡ್ರೈವ್, ಸೂರ್ಯ ಮುಳುಗುವ ಹೊತ್ತು. ಎಂಟೂವರೆ ಆಗುವವರೆಗೆ ಎದ್ದು ಹೋಗಬೇಡಿ, ಕಾರಣ ಆಗಲೇ ಹೇಳಿದ್ದೇನೆ.

ಸಿಎಸ್‌ಎಂಟಿ ಅಂದ್ರೆ ರೈಲ್ವೆ ಸ್ಟೇಷನ್ ತಾನೆ? ಅದರಲ್ಲಿ ನೋಡೋದೇನಿದೆ?

ಟ್ರೇನ್ ಹಿಡಿಯುವ ಆತುರದಲ್ಲಿ ದಿನಾ ಓಡಾಡುವ ನಾವೂ ಬಹಳ ವರ್ಷ ಹಾಗೇ ಅಂದುಕೊಂಡಿದ್ದೆವು. ರಸ್ತೆಯ ಆಚೆ ಬದಿಗೆ, ಮಹಾನಗರ ಪಾಲಿಕೆ ಕಟ್ಟಡದ ಕಡೆ ಹೋಗಿ ನಿಂತು ನೋಡಿ. ಗೇಟಿನ ಎರಡು ಕಂಬಗಳಲ್ಲಿ ಒಂದರ ಮೇಲೆ ಸಿಂಹ, ಇನ್ನೊಂದರ ಮೇಲೆ ಹುಲಿ. ಸಿಂಹ ಬ್ರಿಟನ್ನು, ಹುಲಿ ಭಾರತ. ಗೋಡೆಯ ತುಂಬ ನವಿಲು, ಕೋತಿ, ಎಲೆ ಬಳ್ಳಿ. ಜೆ.ಜೆ. ಕಲಾಶಾಲೆಯ ವಿದ್ಯಾರ್ಥಿಗಳು ಈ ಕೆತ್ತನೆಯಲ್ಲಿ ಕೈ ಜೋಡಿಸಿದ್ದರು. ಗಡಿಯಾರದ ಕೆಳಗೆ ಒಂದು ಖಾಲಿ ಗೂಡು ಕಾಣುತ್ತದೆ. ಅಲ್ಲಿ ವಿಕ್ಟೋರಿಯಾ ರಾಣಿಯ ಪ್ರತಿಮೆ ಇತ್ತು, ಸ್ವಾತಂತ್ರ್ಯ ಬಂದ ಮೇಲೆ ತೆಗೆದರು. ಗೂಡು ಹಾಗೇ ಉಳಿದಿದೆ.

ಕಟ್ಟಡದ ವಿನ್ಯಾಸ ಎಫ್.ಡಬ್ಲ್ಯು. ಸ್ಟೀವನ್ಸ್‌ನದು, ಎದುರಿನ ಪಾಲಿಕೆ ಕಟ್ಟಡವೂ ಅವನದೇ. ಇದೇ ಜಾಗದ ಹತ್ತಿರ, ಬೋರಿಬಂದರ್‌ನಿಂದ, 1853ರ ಏಪ್ರಿಲ್ 16ರಂದು ದೇಶದ ಮೊದಲ ಪ್ರಯಾಣಿಕರ ರೈಲು ಠಾಣೆಗೆ ಹೊರಟಿತ್ತು. ರಾತ್ರಿ ದೀಪ ಹಾಕಿದ ಮೇಲೆ ಇನ್ನೊಮ್ಮೆ ನೋಡಿ.

ಬಾದಾಮಿ ನೋಡಿದ್ದೀವಿ. ಎಲಿಫೆಂಟಾ ಗುಹೆಗೂ ಹೋಗಬೇಕಾ?

ಬಾದಾಮಿ ನೋಡಿದವರೇ ಹೋಗಬೇಕು. ದ್ವೀಪದ ನಿಜವಾದ ಹೆಸರು ಘಾರಾಪುರಿ. ಐಹೊಳೆಯ ಮೇಗುತಿಯಲ್ಲಿ ರವಿಕೀರ್ತಿ 634ರಲ್ಲಿ ಬರೆಸಿದ ಶಾಸನ ನೆನಪಿದೆಯಲ್ಲ? ಇಮ್ಮಡಿ ಪುಲಕೇಶಿ ಹಡಗುಗಳನ್ನು ಕಟ್ಟಿಕೊಂಡು ಹೋಗಿ ಪಶ್ಚಿಮ ಸಮುದ್ರದ ಲಕ್ಷ್ಮಿಯಂತಿದ್ದ 'ಪುರಿ'ಯನ್ನು ಮುತ್ತಿದ ಅಂತ ಅದರಲ್ಲಿದೆ. ಆ ಪುರಿ ಇದೇ ಅನ್ನುವ ವಿದ್ವಾಂಸರಿದ್ದಾರೆ, ಅಲ್ಲ ಅನ್ನುವವರೂ ಇದ್ದಾರೆ. ದೋಣಿಯಲ್ಲಿ ಕೂತಾಗ ನಾನಂತೂ ಮೊದಲನೆಯವರ ಕಡೆ.

ಬಾದಾಮಿಯಲ್ಲಿ ಕೆಂಪು ಮರಳುಗಲ್ಲು, ಇಲ್ಲಿ ಕಪ್ಪು ಬಸಾಲ್ಟ್. ಬಾದಾಮಿಯಲ್ಲಿ ಬಿಸಿಲು ಒಳಕ್ಕೆ ಬೀಳುತ್ತದೆ, ಇಲ್ಲಿ ಕತ್ತಲೆಗೆ ಕಣ್ಣು ಹೊಂದಿಕೊಳ್ಳುವವರೆಗೆ ಕಾಯಬೇಕು. ದಕ್ಷಿಣದ ಗೋಡೆಯ ನಡುವೆ ಮೂರು ಮುಖದ ಶಿವ, ಎತ್ತರ 20 ಅಡಿಯ ಹತ್ತಿರ. ಬಂದವರು ಎದುರಿಗೆ ನಿಂತು ಸೆಲ್ಫಿ ತೆಗೆದು ಹೊರಡುತ್ತಾರೆ. ನೀವು ಎಡಕ್ಕೆ ಸರಿದು ನೋಡಿ: ಮೀಸೆ ಹೊತ್ತ ಉಗ್ರ ಮುಖ, ಕೈಯಲ್ಲಿ ಹಾವು. ಬಲಕ್ಕೆ ಬನ್ನಿ: ಹೆಣ್ಣಿನ ಮೃದು ಮುಖ, ಕೈಯಲ್ಲಿ ತಾವರೆ. ನಡುವಿನದು ಕಣ್ಣು ಮುಚ್ಚಿ ಯಾವುದಕ್ಕೂ ಸಂಬಂಧವಿಲ್ಲದ ಹಾಗೆ ಇದೆ. ಉಳಿದ ಶಿಲ್ಪಗಳು ಬಹಳ ಒಡೆದಿವೆ, ಮೊಣಕಾಲಿಂದ ಕೆಳಗೆ ಏನೂ ಉಳಿದಿಲ್ಲದವೇ ಜಾಸ್ತಿ. ನೋಡಿ ಸಂಕಟ ಆಗುತ್ತದೆ.

ಸೋಮವಾರ ರಜೆ. ಗೇಟ್‌ವೇ ಪಕ್ಕದಿಂದ ದೋಣಿ, ಒಂದು ಗಂಟೆ ಪ್ರಯಾಣ. ಬೆಳಗ್ಗೆ ಒಂಬತ್ತರ ಹೊತ್ತಿನ ಮೊದಲ ದೋಣಿಗಳಲ್ಲೇ ಹೊರಡಿ. ಲೈಫ್ ಜಾಕೆಟ್ ಕೇಳಿ ಹಾಕಿಕೊಳ್ಳಿ, ನಾಚಿಕೆ ಬೇಡ. ದಡದಲ್ಲಿ ಪುಟ್ಟ ರೈಲಿದೆ, ಅದು ಮೆಟ್ಟಿಲಿನ ಬುಡದವರೆಗೆ ಮಾತ್ರ. ಮೆಟ್ಟಿಲು 120ರ ಆಸುಪಾಸು. ಕೈಯಲ್ಲಿ ಜ್ಯೂಸು, ಜೋಳ ಹಿಡಿದುಕೊಂಡರೆ ಕೋತಿಯ ಪಾಲು. ಮಳೆಗಾಲದಲ್ಲಿ ಸಮುದ್ರ ಕೆಟ್ಟಾಗ ದೋಣಿ ನಿಲ್ಲುತ್ತದೆ.

ಸಿದ್ಧಿವಿನಾಯಕ, ಮಹಾಲಕ್ಷ್ಮಿ, ಹಾಜಿ ಅಲಿ ಒಂದೇ ದಿನ ಆಗತ್ತಾ?

ಅರ್ಧ ದಿನದಲ್ಲಿ ಆಗುತ್ತದೆ, ಮಂಗಳವಾರ ಒಂದು ಬಿಟ್ಟು. ಮಂಗಳವಾರ ಸಿದ್ಧಿವಿನಾಯಕನ ಸಾಲು ನೋಡಿಯೇ ಕೈ ಮುಗಿಯಬೇಕು. ಬೇರೆ ದಿನ ಬೆಳಗ್ಗೆ ಬೇಗ ಅಲ್ಲಿಗೆ ಹೋಗಿ, ಆಮೇಲೆ ಮಹಾಲಕ್ಷ್ಮಿ ದೇವಸ್ಥಾನ. ಹಾಜಿ ಅಲಿ ದರ್ಗಾ ಅದರ ಹತ್ತಿರವೇ, ಸಮುದ್ರದ ಒಳಗೆ. ಉಬ್ಬರ ಜೋರಿದ್ದಾಗ ದರ್ಗಾಕ್ಕೆ ಹೋಗುವ ದಾರಿ ನೀರಿನಲ್ಲಿ ಮುಳುಗುತ್ತದೆ, ಆದ್ದರಿಂದ ಅವತ್ತಿನ ಉಬ್ಬರವಿಳಿತದ ಹೊತ್ತು ನೋಡಿಕೊಂಡು ಹೊರಡಿ. ಮಹಾಲಕ್ಷ್ಮಿ ಸ್ಟೇಷನ್ ಪಕ್ಕದ ಸೇತುವೆಯಿಂದ ಧೋಬಿ ಘಾಟ್ ಕಾಣುತ್ತದೆ. ಐದು ನಿಮಿಷ ಸಾಕು.

ಫಿಲಂ ಸ್ಟಾರ್‌ಗಳ ಮನೆ ನೋಡಬಹುದಾ?

ಗೇಟು ನೋಡಬಹುದು.

ಮಕ್ಕಳಿಗೆ ಕಟ್ಟಡ ತೋರಿಸಿದ್ರೆ ಬೋರ್ ಅಂತಾರೆ. ಅವರಿಗೇನಿದೆ?

ಬೈಕಲಾದ ರಾಣಿ ಬಾಗ್ ಝೂನಲ್ಲಿ ಪೆಂಗ್ವಿನ್ ಇವೆ, ಅದೇ ಆವರಣದ ಭಾವು ದಾಜಿ ಲಾಡ್ ಮ್ಯೂಸಿಯಂ ಚಿಕ್ಕದು, ಚೊಕ್ಕದು. ಎರಡಕ್ಕೂ ಬುಧವಾರ ರಜೆ. ಮ್ಯೂಸಿಯಂ ಹೊರಗೆ ದೊಡ್ಡ ಕಲ್ಲಾನೆ ನಿಂತಿದೆ. ಪೋರ್ಚುಗೀಸರು ಘಾರಾಪುರಿಗೆ ಎಲಿಫೆಂಟಾ ಅಂತ ಹೆಸರಿಟ್ಟದ್ದು ಈ ಆನೆಯನ್ನು ನೋಡಿಯೇ. ವರ್ಳಿಯ ನೆಹರೂ ಸೈನ್ಸ್ ಸೆಂಟರ್‌ನಲ್ಲಿ ಮಕ್ಕಳನ್ನು ಬಿಟ್ಟರೆ ಅರ್ಧ ದಿನ ನಿಮ್ಮ ತಲೆ ತಿನ್ನುವುದಿಲ್ಲ.

## ತಿನ್ನುವುದು, ಕೊಳ್ಳುವುದು

ನಮ್ಮ ಕಡೆ ಊಟ ಎಲ್ಲಿ ಸಿಗತ್ತೆ?

ಮಾಟುಂಗಾ. ಸೆಂಟ್ರಲ್ ಲೈನಿನ ಮಾಟುಂಗಾ ಸ್ಟೇಷನ್‌ನಲ್ಲಿ ಪೂರ್ವಕ್ಕೆ ಇಳಿಯಿರಿ. ಮಲ್ಲಿಗೆ, ಬಾಳೆ ಎಲೆ, ಹಬೆಯಾಡುವ ಕಾಫಿಯ ವಾಸನೆ ಒಟ್ಟಿಗೆ ಬರುತ್ತದೆ. ಸ್ಟೇಷನ್ ಪಕ್ಕದಲ್ಲೇ 1942ರ ಎ. ರಾಮನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್, ಎಲೆ ಊಟಕ್ಕೆ. ಮುಂಬೈಯ ಉಡುಪಿ ಹೋಟೆಲುಗಳ ಮಾತು ಬಂದರೆ ಹಳಬರು ಮೊದಲು ಹೇಳುವ ಹೆಸರು ರಾಮನಾಯಕರದ್ದು. ತಿಂಡಿಗೆ ಕೆಫೆ ಮದ್ರಾಸ್, ಕೆಫೆ ಮೈಸೂರು, ರಾಮಾಶ್ರಯ ಇವೆ. ಭಾನುವಾರ ಬೆಳಗ್ಗೆ ಕೆಫೆ ಮದ್ರಾಸ್ ಎದುರು ಹೆಸರು ಬರೆಸಿ ಫುಟ್‌ಪಾತಿನಲ್ಲಿ ಕಾಯುವ ಜನರಲ್ಲಿ ಗುಜರಾತಿಗಳೇ ಜಾಸ್ತಿ. ಹೊಟ್ಟೆ ತುಂಬಿದ ಮೇಲೆ ಕುರ್ಚಿ ಬಿಡಬೇಕು, ಹರಟೆ ಹೊಡೆಯುವ ಜಾಗ ಅಲ್ಲ ಅದು.

ಇದೇ ಮಾಟುಂಗಾದಲ್ಲಿ ಮೈಸೂರು ಅಸೋಸಿಯೇಷನ್ ಇದೆ, ಪಶ್ಚಿಮಕ್ಕೆ ಹೋದರೆ ಕರ್ನಾಟಕ ಸಂಘ. ನಾಟಕವೋ ಯಕ್ಷಗಾನವೋ ಇದ್ದರೆ ಒಂದು ಸಂಜೆ ಕೂತು ಬನ್ನಿ. ಹಗಲು ಹೋಟೆಲಿನಲ್ಲಿ ಲೋಟ ತೊಳೆದು, ರಾತ್ರಿ ಕನ್ನಡ ಶಾಲೆಯಲ್ಲಿ ಓದಿದ ಹುಡುಗರು ಕಟ್ಟಿದ ಲೋಕ ಇದು. ಈಗಲೂ ಸಭಾಂಗಣದಲ್ಲಿ ತಲೆ ನರೆತ ಅಂಥ ಒಬ್ಬರಾದರೂ ನಿಮ್ಮ ಪಕ್ಕದಲ್ಲೇ ಕೂತಿರುತ್ತಾರೆ.

ಒಂದು ಎಚ್ಚರಿಕೆ. ರಸ್ತೆ ಬದಿಯ ದೋಸೆ ಗಾಡಿಯಲ್ಲಿ 'ಮೈಸೂರು ಮಸಾಲಾ' ಅಂತ ಬರೆದಿದ್ದರೆ ಅದು ಮೈಸೂರಿನದ್ದಲ್ಲ. ಕಾವಲಿಯ ಮೇಲೇ ಬೆಣ್ಣೆ, ತರಕಾರಿ, ಕೆಂಪು ಚಟ್ನಿ ಎಲ್ಲ ಹಾಕಿ ಪಾವ್‌ಭಾಜಿಯ ಹಾಗೆ ಜಜ್ಜುತ್ತಾರೆ. ಮೈಸೂರಿನವರು ನೋಡಿದರೆ ಎದೆ ಒಡೆದುಕೊಳ್ಳುತ್ತಾರೆ. ಬೇರೆಯದೇ ತಿಂಡಿ ಅಂದುಕೊಂಡು ತಿಂದರೆ ರುಚಿಯಾಗಿದೆ.

ವಡಾಪಾವ್ ಎಲ್ಲಿ ತಿನ್ನಬೇಕು? ಹೊಟ್ಟೆ ಕೆಡಲ್ವಾ?

ಜನ ಮುತ್ತಿಕೊಂಡಿರುವ ಗಾಡಿಯಲ್ಲಿ, ವಡೆ ಎಣ್ಣೆಯಿಂದ ಏಳುತ್ತಿರುವಾಗ. ಅಲ್ಲಿ ವಡೆಗೆ ಹಳಸಲು ಹೊತ್ತೇ ಇರುವುದಿಲ್ಲ. 1966ರಲ್ಲಿ ದಾದರ್ ಸ್ಟೇಷನ್ ಹೊರಗೆ ಅಶೋಕ್ ವೈದ್ಯ ಎಂಬವರು ಇದನ್ನು ಶುರು ಮಾಡಿದರು ಅನ್ನುವುದು ಊರಿನ ನಂಬಿಕೆ. ಹಸಿ ಚಟ್ನಿ ಮತ್ತು ನೀರಿನ ವಿಷಯದಲ್ಲಿ ಮಾತ್ರ ಜಾಗ್ರತೆ. ಇರಾನಿ ಹೋಟೆಲಿನ ಬನ್ ಮಸ್ಕಾ-ಚಹಾ ಬೇಕಿದ್ದರೆ ಧೋಬಿ ತಲಾವ್ ಹತ್ತಿರದ ಕಯಾನಿ ಇದೆ, 1904ರಿಂದ. ಬನ್ನನ್ನು ಚಹಾಕ್ಕೆ ಅದ್ದಿ ತಿನ್ನಿ, ಯಾರೂ ನಗುವುದಿಲ್ಲ. ಮೀನು ತಿನ್ನುವವರಿಗೆ ನಾನೇನೂ ಹೇಳಬೇಕಿಲ್ಲ. ಕೋಟೆ ಪ್ರದೇಶದ ಗಲ್ಲಿಗಳಲ್ಲಿ 'ಲಂಚ್ ಹೋಮ್' ಬೋರ್ಡು ಕಂಡಲ್ಲಿ ಗಸಿಯ ಪರಿಮಳವೂ ಇರುತ್ತದೆ.

ಚೋರ್ ಬಜಾರ್, ಕ್ರಾಫರ್ಡ್ ಮಾರ್ಕೆಟ್ ಅಂತಾರಲ್ಲ, ಕಡಿಮೆ ರೇಟಿಗೆ ಸಿಗತ್ತಾ?

ಚೌಕಾಸಿ ಬರುವವರಿಗೆ ಸಿಗುತ್ತದೆ. ಚೋರ್ ಬಜಾರಿನ ಹಳೆ ಸಾಮಾನಿನ ಅಂಗಡಿಗಳಿಗೆ ಶುಕ್ರವಾರ ರಜೆ. ಬಟ್ಟೆ ತೆಗೆಯುವವರು ಕ್ರಾಫರ್ಡ್ ಮಾರ್ಕೆಟ್ ಪಕ್ಕದ ಮಂಗಲದಾಸ್ ಮಾರ್ಕೆಟ್‌ಗೆ ಹೋಗಿ, ಭಾನುವಾರ ಬಿಟ್ಟು. ಕೊಲಾಬಾ ಕಾಸ್‌ವೇಯಲ್ಲಿ ಹೇಳಿದ ಬೆಲೆಯ ಅರ್ಧದಿಂದ ಮಾತು ಶುರು ಮಾಡಿ.

## ಸ್ವಲ್ಪ ಪಳಗಿದ ಮೇಲೆ

ಇವೆಲ್ಲ ಹೋದ ಸಲವೇ ನೋಡಿ ಆಯ್ತು. ಜನ ಕಡಿಮೆ ಇರೋ ಜಾಗ ಹೇಳಿ.

ಮಲಬಾರ್ ಹಿಲ್ ತುದಿಯ ಬಾಣಗಂಗಾ. ಕೋಟಿಗಟ್ಟಲೆ ಬೆಲೆಯ ಮನೆಗಳ ಹಿಂದೆ ಮೆಟ್ಟಿಲು ಇಳಿದರೆ ದೇವಸ್ಥಾನಗಳ ನಡುವೆ ಒಂದು ಕೊಳ, ಬಾತುಕೋಳಿಗಳು, ಒಣಗಲು ಹಾಕಿದ ಬಟ್ಟೆ. ರಾಮ ಬಾಣ ಬಿಟ್ಟು ನೀರು ತರಿಸಿದ ಕತೆ ಇದೆ. ಕೊಳ ನೋಡಿಕೊಳ್ಳುವುದು ಗೌಡ ಸಾರಸ್ವತರ ಟ್ರಸ್ಟ್, ಹಾಗಾಗಿ ಕರಾವಳಿಯ ಕೊಂಕಣಿಗರಿಗೆ ಇದು ಮನೆಯಂಗಳ. ಮುಂಜಾನೆ ಹೋಗಿ.

ಎರಡನೆಯದು ಗಾಮದೇವಿಯ ಮಣಿ ಭವನ. 1917ರಿಂದ 1934ರವರೆಗೆ ಗಾಂಧೀಜಿ ಮುಂಬೈಗೆ ಬಂದಾಗ ಉಳಿಯುತ್ತಿದ್ದ ಮನೆ. ಮೇಲಿನ ಕೋಣೆಯಲ್ಲಿ ನೆಲದ ಹಾಸಿಗೆ, ಚರಕ. ಬೀದಿಯೂ ತಣ್ಣಗಿದೆ.

ಮೂರನೆಯದು ಬೊರಿವಲಿಯ ರಾಷ್ಟ್ರೀಯ ಉದ್ಯಾನದೊಳಗಿನ ಕಾನ್ಹೇರಿ, ನೂರಕ್ಕೂ ಹೆಚ್ಚು ಬೌದ್ಧ ಗುಹೆಗಳು. ಬೆಳಗ್ಗೆ ಹೋದರೆ ಜನರೆಲ್ಲ ದಕ್ಷಿಣಕ್ಕೆ ಹೋಗುವಾಗ ನೀವು ಉತ್ತರಕ್ಕೆ, ಗಾಡಿ ಖಾಲಿ. ಬಂಡೆಯಲ್ಲಿ ಕೊರೆದ ನೀರಿನ ತೊಟ್ಟಿಗಳನ್ನು, ಮಳೆನೀರು ಅವುಗಳಿಗೆ ಹರಿಯುವ ಕಾಲುವೆಗಳನ್ನು ಗಮನಿಸಿ. ಇದಕ್ಕೂ ಸೋಮವಾರ ರಜೆ.

ಗಣಪತಿ ಹಬ್ಬಕ್ಕೆ ಬರಬೇಕು ಅಂತ ಆಸೆ. ಲಾಲ್‌ಬಾಗ್ ರಾಜನ ದರ್ಶನಕ್ಕೆ ಎಷ್ಟು ಹೊತ್ತಾಗತ್ತೆ?

ಹರಕೆಯ ಸಾಲು ಹಿಡಿದರೆ ಇಡೀ ದಿನ ಹೋದರೂ ಆಶ್ಚರ್ಯವಿಲ್ಲ. ದೂರದಿಂದ ಮುಖ ನೋಡುವ ಸಾಲು ಬೇರೆ ಇದೆ, ಅದು ಬೇಗ. ನನ್ನ ಮಾತು ಕೇಳಿದರೆ ಕಿಂಗ್ಸ್ ಸರ್ಕಲ್‌ನ ಜಿಎಸ್‌ಬಿ (ಗೌಡ ಸಾರಸ್ವತರ) ಗಣಪತಿಗೆ ಹೋಗಿ. ಮೈತುಂಬ ಚಿನ್ನ, ಒಳಗೆ ಮಾತ್ರ ನಮ್ಮೂರ ರಥಬೀದಿಯ ವಾತಾವರಣ. ಐದನೇ ದಿನಕ್ಕೇ ವಿಸರ್ಜನೆ, ತಡ ಮಾಡಬೇಡಿ. ದೊಡ್ಡ ಗಣಪತಿಗಳ ವಿಸರ್ಜನೆ ನಡೆಯುವ ಅನಂತ ಚತುರ್ದಶಿಯ ದಿನ ಗಿರಗಾಂವ್ ಚೌಪಾಟಿಯ ಕಡಲತೀರಕ್ಕೆ ಮಕ್ಕಳನ್ನು, ವಯಸ್ಸಾದವರನ್ನು ಕರೆದೊಯ್ಯಬೇಡಿ.

ಧಾರಾವಿ ಟೂರ್ ಮಾಡಿಸ್ತಾರಂತೆ. ಹೋಗಬಹುದಾ?

ನನಗೆ ಇಷ್ಟವಿಲ್ಲ. ಅದು ಜನರ ಮನೆ, ಕೆಲಸದ ಜಾಗ. ನಮ್ಮ ಅಡುಗೆಮನೆಗೆ ಯಾರೋ ಕ್ಯಾಮೆರಾ ಹಿಡಿದು ಬಂದರೆ ಹೇಗಿರುತ್ತದೆ? ಕುಂಬಾರವಾಡಾದಲ್ಲಿ ಹಣತೆ ಕೊಳ್ಳಲು, ಮುಖ್ಯರಸ್ತೆಯ ಅಂಗಡಿಗಳಲ್ಲಿ ಚರ್ಮದ ಬ್ಯಾಗು ಕೊಳ್ಳಲು ಹೋಗಿ. ಗಿರಾಕಿಯಾಗಿ ಹೋದರೆ ಅವರೇ ಕೂರಿಸಿ ಮಾತಾಡುತ್ತಾರೆ.

ನಾವು ಬಂದಾಗಲೇ ಮಳೆ ಸುರಿದು ಟ್ರೇನ್ ನಿಂತ್ರೆ ಏನ್ಮಾಡೋದು?

ಎಲ್ಲಿದ್ದೀರೋ ಅಲ್ಲೇ ಇರಿ. ಹೊರಗಿನವರು ಮಾಡುವ ತಪ್ಪು ಅಂದರೆ ಹೇಗಾದರೂ ರೂಮು ಸೇರಬೇಕು ಅಂತ ಹೊರಡುವುದು. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಬಿತ್ತು. ನಾನು ಬಂದು ಹೆಚ್ಚು ದಿನ ಆಗಿರಲಿಲ್ಲ. ಆಫೀಸಿನಲ್ಲಿ ಕೂತವರು ಸುಖವಾಗಿದ್ದರು, ನಾನು ಜಾಣನ ಹಾಗೆ ಹೊರಟೆ. ಎದೆಮಟ್ಟದ ನೀರು, ಕಾಲ ಕೆಳಗೆ ರಸ್ತೆಯೋ ಗುಂಡಿಯೋ ಗೊತ್ತಿಲ್ಲ. ಸಾಯನ್ ಹತ್ತಿರ ಒಂದು ಚಾಳಿನವರು (ಒಂದೊಂದು ಕೋಣೆಯ ಮನೆಗಳ ವಠಾರದವರು) ಮೊದಲ ಮಹಡಿಗೆ ಕರೆದು ಚಹಾ, ಪಾರ್ಲೆ-ಜಿ ಕೊಟ್ಟು, ಬೆಳಗಿನವರೆಗೆ ಕೂರಿಸಿಕೊಂಡರು.

ಹಾಗಾಗಿ ಮಳೆಗಾಲದಲ್ಲಿ ಬಂದರೆ ಬ್ಯಾಗಿನಲ್ಲಿ ಒಂದು ಜೊತೆ ಬಟ್ಟೆ, ಬಿಸ್ಕತ್ತು, ಪವರ್ ಬ್ಯಾಂಕ್, ದಿನಾ ನುಂಗುವ ಮಾತ್ರೆ ಇರಲಿ. ಜೋರು ಮಳೆಯೂ ದೊಡ್ಡ ಉಬ್ಬರವೂ ಒಟ್ಟಿಗೆ ಬರುವ ದಿನ ಪೇಪರಿನಲ್ಲಿ ಮೊದಲೇ ಬರುತ್ತದೆ, ಅವತ್ತು ಹೊರಗೆ ಕಾಲಿಡಬೇಡಿ. ನೀರು ನಿಂತ ರಸ್ತೆಯಲ್ಲಿ ನಡೆಯಲೇಬೇಕಾದರೆ ನಡುವೆ ನಡೆಯಿರಿ, ಯಾರಾದರೂ ಕೋಲು ನೆಟ್ಟು ಬಟ್ಟೆ ಕಟ್ಟಿದ್ದರೆ ಅಲ್ಲಿ ಮ್ಯಾನ್‌ಹೋಲ್ ತೆರೆದಿದೆ ಅಂತ ಅರ್ಥ. ಊರಿಗೆ ಒಂದು ಫೋನು ಮಾಡಿಬಿಡಿ, ಟಿವಿಯವರು ತೋರಿಸುವ ಮೊದಲೇ.